ಸಿಕ್ಕ ಲೈನು ಬಿಡಬಾರದು

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು, ಮೊಬೈಲು ಇನ್ನೂ ದೊಡ್ಡವರ ಸೊತ್ತು. ಲಗ್ನಪತ್ರಿಕೆ ಟೈಪು ಮಾಡುವುದು, ಪಿಯುಸಿ ರಿಸಲ್ಟ್ ತೆಗೆದುಕೊಡುವುದು, ದೂರದಲ್ಲಿರುವ ನೆಂಟರಿಗೆ ಮೇಲ್ ಕಳಿಸಿಕೊಡುವುದು ನನ್ನ ಕಸುಬು. ಇದ್ದದ್ದು ಒಂದೇ ಟೆಲಿಫೋನ್ ಲೈನು. ಮಾತೂ ಅದರಲ್ಲೇ, ಇಂಟರ್ನೆಟ್ಟೂ ಅದರಲ್ಲೇ. ಒಂದು ಸಲ ಕನೆಕ್ಟ್ ಆಗುವಷ್ಟರಲ್ಲಿ ಮೋಡೆಮ್ ಕಿರಗುಟ್ಟಿ ನನ್ನ ಪ್ರಾಣ ಹಿಂಡುತ್ತಿತ್ತು. ಹಾಗಾಗಿ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಮಾಡಿದ್ದೆ: ಸಿಕ್ಕ ಲೈನು ಬಿಡಬಾರದು. ಕೆಲಸ ಮುಗಿದರೂ ಮುಂದಿನ ಗಿರಾಕಿಗೆ ಬೇಕಾದೀತೆಂದು ಹಿಡಿದೇ ಇಟ್ಟುಕೊಳ್ಳುತ್ತಿದ್ದೆ.

ಅಪ್ಪನಿಗೆ ಈ ಅಂಗಡಿ ಎಂದರೆ ಅಷ್ಟಕ್ಕಷ್ಟೆ. ಕಣಕಟ್ಟೆಯ ತೋಟದಿಂದ ಕೊಬ್ಬರಿ ಹಾಕಲು ಮಾರ್ಕೆಟ್ಟಿಗೆ ಬಂದ ದಿನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದು ಹೋಗುತ್ತಿದ್ದ. ಒಳಗೆ ಕಾಲಿಟ್ಟವನಲ್ಲ. ಧೂಳು ಬಿದ್ದರೆ ಕಂಪ್ಯೂಟರ್ ಕೆಡುತ್ತದೆಂದು ಆಗ ಎಲ್ಲರೂ ನಂಬಿದ್ದೆವು, ಚಪ್ಪಲಿ ಹೊರಗೇ ಬಿಡಿ ಎಂದು ನಾನು ಬೋರ್ಡು ಹಾಕಿದ್ದೆ. ದೇವರ ಮನೆಗೆ ಬಿಡುವುದು ಸರಿ, ಈ ಡಬ್ಬಕ್ಕೂ ಬಿಡಬೇಕೇ ಎಂದು ಅವನ ತಕರಾರು.

ಆ ದಿನ ಕಾಫಿ ಬೇಡ, ಸೋಡಾ ತರಿಸು ಎಂದ. ಎದೆಯಲ್ಲಿ ಗ್ಯಾಸ್ ತುಂಬಿಕೊಂಡಿದೆಯಂತೆ. ಸೋಡಾ ಕುಡಿದ, ತೇಗು ಬರಲಿಲ್ಲ. ಅಂಗಿಯ ಬೆನ್ನು ತೊಯ್ದು ಹೋಗಿತ್ತು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನ ಮಾತು ಕೇಳದೆ ಆಟೋ ಹತ್ತಿಸಿ ಅದೇ ರಸ್ತೆಯಲ್ಲಿದ್ದ ನರ್ಸಿಂಗ್ ಹೋಮಿಗೆ ಸೇರಿಸಿದೆ.

ಡಾಕ್ಟರು ಇಸಿಜಿ ತೆಗೆದು ನನ್ನನ್ನು ಪಕ್ಕಕ್ಕೆ ಕರೆದರು. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಹೆಪ್ಪು ಕರಗಿಸುವ ಇಂಜೆಕ್ಷನ್ ತಮ್ಮಲ್ಲೇ ಇದೆ ಎಂದರು. ಮೊದಲು ಯಾವಾಗಲಾದರೂ ರಕ್ತ ಹೋಗಿತ್ತೇ ಎಂದು ಕೇಳಿದರು. ಹೊಟ್ಟೆಹುಣ್ಣಾಗಿ ರಕ್ತ ಕಾರಿಕೊಂಡಿದ್ದನಲ್ಲ ಎಂದೆ. ಆದರೆ ಅದು ಯಾವಾಗ, ಆಮೇಲೆ ಹೇಗಾಯಿತು, ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆಗ ಅವನಿದ್ದದ್ದು ಹುಲಿಕೆರೆಯಲ್ಲಿ, ಅಕ್ಕನ ಗಂಡನ ಮನೆಯಲ್ಲಿ. ಆ ಮನೆಗೆ ಫೋನಿರಲಿಲ್ಲ. ಅವನನ್ನೇ ಕೇಳೋಣವೆಂದರೆ ನೋವಿಗೆ ಕೊಟ್ಟ ಮದ್ದಿನಿಂದ ಮಂಪರು ಹತ್ತಿತ್ತು. ಡಾಕ್ಟರ ಮುಖ ಸಪ್ಪಗಾಯಿತು. ಹುಣ್ಣು ಇನ್ನೂ ಹಸಿ ಇದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತದೆ, ಕೊಡದಿದ್ದರೆ ಹೃದಯ ನಿಲ್ಲಬಹುದು. ಮೈಸೂರಿನಲ್ಲಿ ತಮ್ಮ ಗುರುಗಳೊಬ್ಬರು ಹೃದಯದ ಡಾಕ್ಟರು, ಅವರು ಇಸಿಜಿ ನೋಡಿ ಹೇಳಿದರೆ ಧೈರ್ಯ ಎಂದರು. ನರ್ಸಿಂಗ್ ಹೋಮಿನ ಫೋನೋ, ಮುಂದೆ ರಸ್ತೆ ಅಗೆಯುವವರು ಅದರ ಕೇಬಲ್ ಕತ್ತರಿಸಿದ್ದರಿಂದ ಸತ್ತು ಬಿದ್ದಿತ್ತು.

"ನಿಮ್ಮಲ್ಲಿ ಸ್ಕ್ಯಾನರ್ ಇದೆಯಲ್ಲಮ್ಮ, ಕಳಿಸಿ. ತಡ ಆದಷ್ಟೂ ಕಷ್ಟ," ಎಂದರು.

ಇಸಿಜಿ ಹಿಡಿದು ಓಡಿದೆ. ಮೊದಲು ಮೈಸೂರಿಗೆ ಫೋನು ಮಾಡಿ ವಿಷಯ ಹೇಳಿದೆ. ದೊಡ್ಡ ಡಾಕ್ಟರು ಅಂಗಡಿಯ ನಂಬರು ಕೇಳಿ ಬರೆದುಕೊಂಡು, ಬೇಗ ಕಳಿಸಿ ಎಂದು ಫೋನು ಇಟ್ಟರು. ಸ್ಕ್ಯಾನ್ ಮಾಡಿದೆ. ಮೋಡೆಮ್ ಕಿರಗುಟ್ಟಿತು, ಸೋತಿತು, ಮತ್ತೆ ಕಿರಗುಟ್ಟಿತು. ಕಡೆಗೂ ಕನೆಕ್ಟ್ ಆಯಿತು. ಅಪ್ಪನ ಎದೆಬಡಿತದ ಚಿತ್ರ ಇಂಚಿಂಚಾಗಿ ತೆವಳಿಕೊಂಡು ಮೈಸೂರಿಗೆ ಹೋಯಿತು. ಇಷ್ಟಾಯಿತಲ್ಲ, ಇನ್ನು ಉತ್ತರ ಬಂದೇ ಬರುತ್ತದೆ ಎಂದು ಪರದೆಯ ಮುಂದೆ ಕೂತೆ.

ಉತ್ತರ ಬರಲಿಲ್ಲ. ಇನ್‌ಬಾಕ್ಸ್ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ನರ್ಸಿಂಗ್ ಹೋಮಿನಿಂದ ನರ್ಸ್ ಬಂದು ಬಾಗಿಲಲ್ಲಿ ನಿಂತು, ಬಂತಾ ಎಂದು ಕೇಳಿ ಹೋದಳು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕುಯ್ ಕುಯ್ ಎನ್ನತೊಡಗಿತು. ಅದು ನಿಂತರೆ ಲೈನೂ ಹೋಗುತ್ತದೆ, ಮತ್ತೆ ಸಿಕ್ಕುವುದು ಯಾವ ಕಾಲಕ್ಕೋ. ಜೇನುಕಲ್ಲಪ್ಪನಿಗೆ ಹರಕೆ ಹೊತ್ತೆ. ಅಪ್ಪ ಬದುಕಲಿ ಎಂದಲ್ಲ, ಲೈನು ಉಳಿಯಲಿ ಎಂದು. ಆ ಹೊತ್ತಿಗೆ ಎರಡೂ ಒಂದೇ ಎಂದುಕೊಂಡಿದ್ದೆ. ಮೈಸೂರಿನ ಆ ಮನುಷ್ಯನ ಮೇಲೆ ಸಿಟ್ಟು ನೆತ್ತಿಗೇರಿತು. ಊಟಕ್ಕೆ ಹೋಗಿರಬೇಕು, ದೊಡ್ಡವರೆಲ್ಲ ಹೀಗೇ ಎಂದು ಬಾಯಿಗೆ ಬಂದಂತೆ ಬೈದೆ.

ಆಗ ಅಕ್ಕ ಬಂದಳು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ನಮಗೆಂದು ಹುಣಸೆಹಣ್ಣು ಮೂಟೆ ಕಟ್ಟಿಕೊಂಡು ಹಳೇಬೀಡಿನ ಕಡೆಯ ಬಸ್ಸಿನಲ್ಲಿ ಬಂದಿಳಿದಿದ್ದಳು. ಮೂಟೆಯನ್ನು ಬಾಗಿಲಲ್ಲಿ ದೊಪ್ಪೆಂದು ಎಸೆದಳು.

"ಯಾರ ಜೊತೆ ಹರಟೆ ಹೊಡೀತಿದ್ಯೇ? ಮೂಟೆ ಹೊರಾಕೆ ಯಾರ್ನಾದ್ರೂ ಕಳ್ಸು ಅನ್ನಾನ ಅಂತ ಬಸ್ ಸ್ಟ್ಯಾಂಡಿಂದ ಆಗ್ಲಿಂದ ಫೋನ್ ಮಾಡ್ತಾ ಇವ್ನಿ. ಬರೀ ಎಂಗೇಜು."

ಮೇಜಿನ ಮೇಲಿದ್ದ ಫೋನಿನ ಕಡೆ ನೋಡಿದೆ. ಇಂಟರ್ನೆಟ್ ಹಾಕಿದರೆ ಫೋನು ಎಂಗೇಜ್ ಬರುತ್ತದೆ, ಅದನ್ನು ಊರಿಗೆಲ್ಲ ಹೇಳಿಕೊಟ್ಟವಳೇ ನಾನು. ದೊಡ್ಡ ಡಾಕ್ಟರು ನಂಬರು ಬರೆದುಕೊಂಡದ್ದು ಯಾಕೆ? ಅಪ್ಪನ ಜೀವ ಉಳಿಸುವ ಮಾತು ಬಂದು ಬಾಗಿಲು ಬಡಿಯುತ್ತಿದೆ, ನಾನು ಒಳಗಿನಿಂದ ಚಿಲಕ ಹಾಕಿಕೊಂಡು ಕಾಯುತ್ತಿದ್ದೇನೆ.

ಮೋಡೆಮಿನ ವೈರು ಕಿತ್ತೆ. ಕಿತ್ತು ಉಸಿರು ಬಿಡುವಷ್ಟರಲ್ಲಿ ಫೋನು ಬಡಿದುಕೊಂಡಿತು.

ಅವರೇ. ಬೈಯಲೂ ಅವರಿಗೆ ಹೊತ್ತಿರಲಿಲ್ಲ. ಕೊಡಲೇಬೇಕು, ಆದರೆ ರಕ್ತ ಕಾರಿದ್ದು ಯಾವಾಗ ಎಂದರು. ನಾನು ಅಕ್ಕನ ಕಡೆ ತಿರುಗಿ ಅದನ್ನೇ ಕೇಳಿದೆ. ಅವಳಿಗೆ ಪ್ರಶ್ನೆಯಿಂದಲೇ ಎಲ್ಲ ಅರ್ಥವಾಯಿತು, ಮುಖ ಬಿಳುಚಿಕೊಂಡಿತು. ಆದರೂ ಫೋನು ಇಸಿದುಕೊಂಡು ಗಟ್ಟಿಯಾಗಿ ಹೇಳಿದಳು. ಎರಡು ವರ್ಷದ ಹಿಂದೆ, ಬೇಲೂರಿನ ಆಸ್ಪತ್ರೆಯಲ್ಲಿ ಮಲಗಿಸಿದ್ದೆವು, ಹುಣ್ಣು ಮಾಗಿದೆ ಎಂದು ಆಮೇಲೆ ಹಾಸನದಲ್ಲಿ ಗಂಟಲೊಳಗೆ ನಳಿಕೆ ಬಿಟ್ಟು ನೋಡಿ ಹೇಳಿದರು, ಅಲ್ಲಿಂದೀಚೆಗೆ ಏನೂ ಇಲ್ಲ. ಅವರು ಒಂದೇ ಮಾತು ಹೇಳಿದರು, ಈಗಲೇ ಕೊಡಲಿ.

ಓಡಿದೆ. ಚಪ್ಪಲಿ ಬಾಗಿಲಲ್ಲೇ ಇತ್ತು, ಕಾದ ಟಾರಿನ ಮೇಲೆ ಬರಿಗಾಲು. ಸುಟ್ಟದ್ದು ತಿಳಿದದ್ದು ಸಂಜೆ, ಅಪ್ಪ ಕಣ್ಣು ಬಿಟ್ಟು ನೀರು ಕೇಳಿದ ಮೇಲೆ.

ಚೇತರಿಸಿಕೊಂಡು ಮಾರ್ಕೆಟ್ಟಿಗೆ ಬಂದ ಮೊದಲ ದಿನವೇ ಅಪ್ಪ ಚಪ್ಪಲಿ ಬಿಟ್ಟು ಅಂಗಡಿಯೊಳಕ್ಕೆ ಬಂದ. ಆ ಚಿತ್ರ ತೋರಿಸು ಎಂದ. ಪರದೆಯ ಮೇಲಿನ ಅಂಕುಡೊಂಕು ಗೆರೆಗಳನ್ನು ತುಂಬ ಹೊತ್ತು ನೋಡಿದ. ಅಕ್ಕ ಅವನಿಗೆ ಎಲ್ಲವನ್ನೂ ಹೇಳಿದ್ದಳು, ಬೈಯುತ್ತಾನೆಂದೇ ನಾನು ಕಾದಿದ್ದೆ. ಅವನು ಮೇಜಿನ ಮೇಲಿದ್ದ ಫೋನಿನ ಕಡೆ ಕೈ ತೋರಿಸಿದ.

"ಇನ್ನೊಂದ್ ಲೈನ್ ಹಾಕ್ಸವ್ವ," ಎಂದ. "ನನ್ಗಲ್ಲ. ಬೇರೆಯೋರ್ಗೂ ಅಪ್ಪಂದ್ರು ಇರ್ತಾರೆ."