ಒಳಗೇ ಬಾರದ ಮ್ಯಾನೇಜರು

ಗೆಳೆಯರೇ, ನಮ್ಮ ಕೆಜಿಎಫ್ ಕಾರ್ಖಾನೆಯ ಮ್ಯಾನೇಜರು ಇವತ್ತು ಸಂಜೆ ಗೇಟಿನಲ್ಲೇ ಸಿಕ್ಕಿಹಾಕಿಕೊಂಡರು.

ಗೇಟಿನ ಹಾಜರಾತಿಯ ಹಳೇ ಕೋಬಾಲ್ ಭಾಷೆಯ ಕಂಪ್ಯೂಟರ್ ಪ್ರೋಗ್ರಾಮನ್ನು ಬಿಡಿಸಿ ಸಣ್ಣ ಸಣ್ಣ ಮಾಡ್ಯೂಲ್ ಮಾಡುವ ಕೆಲಸ ನನ್ನದು. ನಿನ್ನೆ ಕಂಪೈಲ್ ಮಾಡಿದಾಗ ಪರದೆ ತುಂಬ ವಾರ್ನಿಂಗು: ಆರಂಕಿಯ ಸಿಬ್ಬಂದಿ ನಂಬರು ಐದಂಕಿಯ ಜಾಗದಲ್ಲಿ ಹಿಡಿಸುವುದಿಲ್ಲ, ಒಂದಂಕಿ ಕತ್ತರಿಸಿ ಹೋಗುತ್ತದೆ. ಧಾರವಾಡದ ಕಡೆಯವರಾದ ಮ್ಯಾನೇಜರು ಬಗ್ಗಿ ನೋಡಿ, "ಇವನ್ನ ಬಂದ್ ಮಾಡೋ ಆಪ್ಷನ್ ಇಲ್ಲೇನ್ರೀ?" ಎಂದರು. ಇದೆ ಎಂದೆ.

"ಮತ್ಯಾಕ ಕುಂತೀರಿ? ಹಾಕ್ರಿ."

ಹಾಕಿದೆ. ಪರದೆ ಶುಭ್ರವಾಯಿತು. ಖುಷಿಗೆ ಎಲ್ಲರಿಗೂ ಟೀ ತರಿಸಿದರು.

ಆರಂಕಿಯ ನಂಬರು ಇರುವುದು ಅಧಿಕಾರಿಗಳಿಗೆ ಮಾತ್ರ; ನಮ್ಮಲ್ಲಿ ಅಂಥವರು ಮ್ಯಾನೇಜರು ಒಬ್ಬರೇ. ಇವತ್ತು ಸಂಜೆ ಕಾರ್ಮಿಕರೆಲ್ಲ ಕಾರ್ಡು ತೋರಿಸಿ ಬಂಗಾರಪೇಟೆ ಬಸ್ಸು ಹತ್ತಿದರು. ಮ್ಯಾನೇಜರ ಕಾರ್ಡಿಗೆ ಮಾತ್ರ ಗೇಟಿನ ಕಂಪ್ಯೂಟರು ಬೆಳಿಗ್ಗೆ ಇವರು ಒಳಗೆ ಬಂದೇ ಇಲ್ಲ ಎಂದಿತು.

ವಾಚ್‌ಮನ್ ನಾರಾಯಣಪ್ಪ ಬೂದಿಕೋಟೆಯವರು, ಜಪ್ಪಯ್ಯ ಅಂದರೂ ಬಿಡಲಿಲ್ಲ. "ಒಳೀಕೇ ಬಂದಿಲ್ಲ ಅಂತೈತೆ ಸಾ. ಬರ್ದೇ ಇರೋರ್ನ ಒರಕ್ಕೆ ಎಂಗ್ ಬಿಡ್ಲಿ?"

ಐದಂಕಿಯ ನಾನು ಅಷ್ಟರಲ್ಲಿ ಬಸ್ಸಿನಲ್ಲಿದ್ದೆ. ಮ್ಯಾನೇಜರ ಫೋನು ಬಂತು.

"ಹಿಂಗ ಆಗ್ತದಂತ ಮೊದ್ಲ ಒಂದ್ ಮಾತು ಹೇಳ್ಬೇಕೋ ಬ್ಯಾಡೋ?"