ಅಬ್ದಲಿಯವರೆಗೆ ಮಾತ್ರ

೨೦೦೨ರ ಕೊನೆಯಲ್ಲಿ ನಾನು ಕುವೈತಿನ ಅರ್ದಿಯಾದಲ್ಲಿ ಒಂದು ಸಾಗಣೆ ಕಂಪನಿಯ ಡಿಸ್ಪ್ಯಾಚ್ ಸೂಪರ್‌ವೈಸರ್ ಆಗಿದ್ದೆ. ಯಾವ ಲಾರಿ, ಯಾವ ಡ್ರೈವರ್, ಎಲ್ಲಿಗೆ ಎಂದು ಟ್ರಿಪ್ ಶೀಟ್ ಬರೆದು ಸಹಿ ಹಾಕುವುದು ನನ್ನ ಕೆಲಸ. ಹದಿನೆಂಟು ಲಾರಿಗಳಿದ್ದವು. ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಸಿದ್ಧವಾಗುತ್ತಿತ್ತು. ನಮ್ಮ ವೀಸಾಕ್ಕೆ ಹೊಣೆಯಾದ ಮಾಲೀಕ, ಅಲ್ಲಿಯ ಮಾತಿನಲ್ಲಿ ಕಫೀಲ್, ನಮ್ಮನ್ನೆಲ್ಲ ಕರೆದು, ಈ ಯುದ್ಧ ನಮ್ಮದಲ್ಲ, ನಾವು ಅಕ್ಕಿ ಬೇಳೆ ಸಾಗಿಸುವವರು ಎಂದ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಡ್ರೈವರ್‌ಗಳ ರೂಮಿಗೆ ಹೋಗಿ ಇನ್ನೊಮ್ಮೆ ಹೇಳಿ ಬಂದೆ.

ಜನವರಿಯಲ್ಲಿ ಮರುಭೂಮಿಯ ಸೇನಾ ಶಿಬಿರಕ್ಕೆ ಬಾಟಲಿ ನೀರು ಹೋಯಿತು. ನೀರು ತಾನೇ, ಯಾರು ಕುಡಿದರೇನು ಎಂದುಕೊಂಡೆವು. ಫೆಬ್ರವರಿಯಲ್ಲಿ ಟೆಂಟು, ಜನರೇಟರು. ಮಾರ್ಚ್‌ನಲ್ಲಿ ಯುದ್ಧ ಶುರುವಾದ ಮೇಲೆ ಡೀಸೆಲ್ ಡ್ರಮ್ಮು. ಯಾರಿಗೂ ಗಾಬರಿಯಾಗಲಿಲ್ಲ. ನನಗಂತೂ ಕೈತುಂಬ ಕೆಲಸವಿದೆಯೆಂಬ ಜಂಬವೂ ಇತ್ತು.

ನಮ್ಮ ಡ್ರೈವರ್ ಹಸನ್ ಬಂಟ್ವಾಳದ ಬ್ಯಾರಿ, ನನಗಿಂತ ಹತ್ತು ವರ್ಷ ಹಿರಿಯರು. ಎಲ್ಲರೂ ಹಸನಾಕ ಎನ್ನುತ್ತಿದ್ದೆವು. ಇಂಗ್ಲಿಷ್ ಓದಲು ಬಾರದು. ನಮ್ಮೂರ ಕಡೆಯ ಡ್ರೈವರ್‌ಗಳದ್ದೆಲ್ಲ ಒಂದೇ ರೂಢಿ: ಶೀಟಿನಲ್ಲಿ ನನ್ನ ಸಹಿಯಿದ್ದರೆ ಗಾಡಿ ಹತ್ತುವುದು, ಬೇರೆಯವರದ್ದಿದ್ದರೆ ಹತ್ತು ಪ್ರಶ್ನೆ.

ಏಪ್ರಿಲ್‌ನ ಒಂದು ಬೆಳಗ್ಗೆ ಮ್ಯಾನೇಜರ್ ನನ್ನನ್ನು ಒಳಗೆ ಕರೆದ. ಇವತ್ತಿನ ಡೀಸೆಲ್ ಲಾರಿ ಗಡಿಯಲ್ಲಿ ನಿಲ್ಲುವುದಿಲ್ಲ, ಸೇನೆಯ ಬೆಂಗಾವಲಿನಲ್ಲಿ ಬಸ್ರಾಕ್ಕೆ ಹೋಗಬೇಕು. ಶೀಟಿನಲ್ಲಿ ಮಾತ್ರ ಗಡಿಯ ಅಬ್ದಲಿ ಎಂದೇ ಇರಲಿ ಎಂದ. ಹಸನಾಕರ ಹೆಸರಿಗೆ ಹಾಗೆಯೇ ಬರೆದೆ.

ಅಂದೇಕೋ ಹಸನಾಕ ನನ್ನ ಸಹಿ ನೋಡಿದ ಮೇಲೂ ಕೇಳಿದರು, "ಶೆಟ್ರೇ, ಗಡಿ ದಾಟ್ಲಿಕ್ಕೆ ಉಂಟಾ? ಉಂಟಾದ್ರೆ ಈಗ್ಲೇ ಹೇಳಿ, ನಾನು ಹೋಗುದಿಲ್ಲ. ಮನೆಯಲ್ಲಿ ಮಾತು ಕೊಟ್ಟಿದ್ದೇನೆ."

"ಇಲ್ಲ ಮಾರಾಯ್ರೆ, ಅಬ್ದಲಿವರೆಗೆ ಮಾತ್ರ" ಎಂದೆ.

ಮರುದಿನ ಮಧ್ಯಾಹ್ನ ಸುದ್ದಿ ಬಂತು. ಅಬ್ದಲಿಯಲ್ಲಿ ಸೇನೆಯವರು ಗಾಡಿ ನಿಲ್ಲಿಸಲು ಬಿಡದೆ ಬೆಂಗಾವಲಿನ ಸಾಲಿಗೆ ಸೇರಿಸಿಕೊಂಡಿದ್ದರಂತೆ. ಬಸ್ರಾದ ದಾರಿಯಲ್ಲಿ ದಾಳಿಯಾಗಿ ಡೀಸೆಲ್ ತುಂಬಿದ ಲಾರಿ ಉರಿದುಹೋಗಿತ್ತು. ಹಸನಾಕ ಉಳಿಯಲಿಲ್ಲ. ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಅತ್ತೆ.

ಅಷ್ಟಕ್ಕೇ ಮುಗಿಯಲಿಲ್ಲ. ಶೀಟಿನಲ್ಲಿ ಅಬ್ದಲಿ ಎಂದಿತ್ತಲ್ಲ, ಡ್ರೈವರ್ ತನ್ನಿಷ್ಟದಿಂದ ಗಡಿ ದಾಟಿದ ಎಂದು ಹೇಳಿಕೆ ಕೊಡು ಎಂದ ಮ್ಯಾನೇಜರ್. ಆ ಮನುಷ್ಯನ ಮುಖ ನೋಡಲೂ ಹೇಸಿಗೆಯಾಯಿತು, ನನ್ನ ಮೇಲೂ ಅಷ್ಟೇ. ಗೊತ್ತಿದ್ದೇ ಕಳುಹಿಸಿದೆ ಎಂದು ಬರೆದುಕೊಟ್ಟೆ. "ಖಲಾಸ್" ಎಂದ. ವಾರದೊಳಗೆ ನನ್ನ ವಾಸದ ಪರವಾನಗಿ, ಇಕಾಮಾ, ರದ್ದಾಯಿತು.

ಊರಿಗೆ ಬಂದವನೇ ಬಂಟ್ವಾಳಕ್ಕೆ ಹೋದೆ. ಗಂಡನನ್ನು ಕಳೆದುಕೊಂಡ ಹೆಣ್ಣು ಪರಪುರುಷರ ಮುಂದೆ ಬಾರದ ಇದ್ದತ್ತಿನ ದಿನಗಳವು. ಹಸನಾಕರ ಹೆಂಡತಿ ಐಸಮ್ಮ ಪರದೆಯ ಹಿಂದಿನಿಂದಲೇ ಕೇಳಿದರು, "ಗಡಿ ದಾಟುದಿಲ್ಲ ಅಂತ ಫೋನಿನಲ್ಲಿ ಹೇಳಿದ್ರು ಶೆಟ್ರೇ. ನನ್ನ ಹತ್ರ ಸುಳ್ಳು ಹೇಳಿದ್ದಾ ಅವರು?"

"ಇಲ್ಲ ಐಸಮ್ಮ. ಸುಳ್ಳು ಹೇಳಿದ್ದು ನಾನು."



ಆಮೇಲೆ ಮಂಗಳೂರಿನಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿದೆ. ಯುದ್ಧಕ್ಕೆ ಸೇರೋಣ ಎಂದು ಕುವೈತಿನ ನಮ್ಮ ಕಂಪನಿಯಲ್ಲಿ ಯಾರೂ ಯಾವತ್ತೂ ತೀರ್ಮಾನಿಸಿರಲಿಲ್ಲ; ನೀರು, ಟೆಂಟು, ಡೀಸೆಲ್ ಎನ್ನುತ್ತ ಸೇರಿಬಿಟ್ಟಿದ್ದೆವು. ಡ್ರೈವರ್ ಎಲ್ಲಿಗೆ ಎಂದು ಕೇಳಿದರೆ ಗೊತ್ತಿದ್ದಷ್ಟನ್ನೂ ಹೇಳಬೇಕು. ಹೋಗುವುದು ಬಿಡುವುದು ಅವನಿಗೆ ಬಿಟ್ಟದ್ದು. ಇಷ್ಟು ಸಣ್ಣ ಪಾಠ ಕಲಿಯಲು ನನಗೆ ಹಸನಾಕರ ಜೀವ ಬೇಕಾಯಿತು.