ಕೋಟನೂರಿನ ಕಾಶಿರಾಯ ಸೂರ್ಯನ ಮೇಲೆ ದಂಡೆತ್ತಿ ಹೋದದ್ದು

ಸೂರ್ಯನ ಮೇಲೆ ದಂಡೆತ್ತಿ ಹೋದವರು ಪುರಾಣಗಳಲ್ಲಿ ಇದ್ದಾರು. ಅವರಿಗೆ ರಥವಿತ್ತು, ವರವಿತ್ತು, ಕೆಲವರಿಗೆ ಅಗತ್ಯಕ್ಕಿಂತ ಹೆಚ್ಚು ತಲೆಗಳೂ ಇದ್ದವು. ಕೋಟನೂರಿನ ಗೌಂಡಿ ಕಾಶಿರಾಯನಿಗೆ ಇದ್ದದ್ದು ಒಂದು ಕರಣಿ, ಒಂದು ಸುತ್ತಿಗೆ, ಮೂವತ್ತು ವರ್ಷ ಕಲಬುರಗಿಯವರ ಮನೆಗಳಿಗೆ ಶಹಾಬಾದ ಫರಸಿಕಲ್ಲು ಹಾಸಿ ಬಾಗಿದ ಬೆನ್ನು, ಮತ್ತು ಒಳಮನೆಯಲ್ಲಿ ಒಬ್ಬ ಹೆಂಡತಿ.

ಯುದ್ಧಕ್ಕೆ ಕಾರಣ ಆ ಹೆಂಡತಿಯೇ. ಅನ್ನಮ್ಮ ಹುಟ್ಟಿದ್ದು ಕಮಲಾಪುರದ ಬಾಳೆತೋಟದಲ್ಲಿ, ದುಡಿದದ್ದು ನೆಹರು ಗಂಜ್ ಮಾರುಕಟ್ಟೆಯ ಬಯಲಲ್ಲಿ ತೊಗರಿ ಹಸನು ಮಾಡುತ್ತ. ನಲವತ್ತಾರು ವರ್ಷ ಅವಳ ತಲೆಯ ಮೇಲೆ ಸೂರು ಇದ್ದದ್ದು ನಿದ್ದೆ ಮಾಡುವಾಗ ಮಾತ್ರ. ಅಂಥವಳ ಎರಡೂ ಕೆನ್ನೆಗಳ ಮೇಲೆ ಕೆಂಪು ಕಲೆ ಎದ್ದಿತು, ಕೀಲುಗಳು ಊದಿದವು, ಕೂದಲು ಬಾಚಣಿಗೆಗೇ ಬರತೊಡಗಿತು. ಡಾಕ್ಟರು ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ ಲೂಪಸ್ ಎಂಬ ಹೆಸರು ಹೇಳಿದರು. ಮೈಯೇ ಮೈಯನ್ನು ತಿನ್ನುವ ರೋಗ. ಮೂತ್ರಪಿಂಡಕ್ಕೂ ಬಾಯಿ ಹಾಕಿದೆ. ಪೂರ್ತಿ ವಾಸಿಯಾಗುವುದಿಲ್ಲ. ಗುಳಿಗೆ ತಪ್ಪಿಸಬಾರದು, ಬಿಸಿಲು ಸೋಕಬಾರದು.

ಕಲಬುರಗಿಯಲ್ಲಿ ಬಿಸಿಲು ಸೋಕದಂತೆ ಬದುಕಿ ಎಂದು ಹೇಳುವ ಧೈರ್ಯ ನ್ಯಾಯಾಧೀಶರಿಗೂ ಇರಲಿಕ್ಕಿಲ್ಲ. ಆದರೆ ಡಾಕ್ಟರಿಗಿತ್ತು. ಕಾಶಿರಾಯ ಕಿಟಕಿಗಳಿಗೆಲ್ಲ ಗೋಣಿತಟ್ಟು ಹೊಡೆದ. ಅನ್ನಮ್ಮ ಒಂದೂವರೆ ವರ್ಷ ಆ ಕತ್ತಲೆಯಲ್ಲಿ ಕುಳಿತಳು.

"ಕುಂತು ಕುಂತು ನಾ ಈ ಗ್ವಾಡಿ ಆಗೀನ್ರಿ," ಎಂದಳು ಒಂದು ದಿನ. "ನೀವು ಸುಣ್ಣ ಹಚ್ಚೂವಾಗ ನನಗೂ ಒಂದು ಕೈ ಹಚ್ಚಿಬಿಡ್ರಿ."

"ಸಂಜೀಕ ಹೊರಗ ಕುಂದರ್ತಿ ಅಲ್ಲ?"

"ಸಂಜಿ ಯಾರಿಗೆ ಬೇಕಾಗ್ಯಾದ? ನನಗ ಹಗಲ ಬೇಕು. ಕ್ವಾಳಿ ಕೆದರೂದು, ಮಂದಿ ಜಗಳಾಡೂದು ನೋಡ್ಬೇಕು. ಸಾಯೂದ್ರೊಳಗ ಒಂದಿನ ಹಗಲ ಹೊರಗ ಕುಂದ್ರಬೇಕು. ಮತ್ತೇನೂ ಬ್ಯಾಡ."

ಕಾಶಿರಾಯ ಆ ಕ್ಷಣದಲ್ಲೇ ಯುದ್ಧ ಸಾರಿದ. ಸಾರಿದ್ದು ಹೆಂಡತಿಗೆ ಮಾತ್ರ ಕೇಳಿಸಿತು: "ಹಿತ್ತಲದಾಗ ನಿನಗ ಒಂದು ಗವಿ ಮಾಡ್ತೇನಿ."

ರಣಭೂಮಿಯ ಉದ್ದ ಇಪ್ಪತ್ತು ಅಡಿ, ಅಗಲ ಹದಿನೈದು. ಅಲ್ಲಿದ್ದ ಒಂದೇ ಮರ ನುಗ್ಗೆ, ಅದರ ನೆರಳು ಜರಡಿಯ ನೆರಳು. ದಂಡನಾಯಕನ ಜೊತೆಗೆ ಸೇನೆಯಾಗಿ ಬಂದವನು ಮೋಮಿನಪುರದ ನಬಿಸಾಬ್ ಒಬ್ಬನೇ. ಫರಸಿ ಕೆಲಸದಲ್ಲಿ ಇಬ್ಬರದೂ ಮೂವತ್ತು ವರ್ಷದ ಜೋಡಿ. ಒಬ್ಬ ಹಾಸಿದರೆ ಇನ್ನೊಬ್ಬ ಉಜ್ಜುತ್ತಿದ್ದ.

ಮೊದಲ ಕಾಳಗ ಏಪ್ರಿಲ್ ತಿಂಗಳಲ್ಲಿ ನಡೆಯಿತು. ಬೇಸಗೆಯಲ್ಲಿ ಇಡೀ ಊರು ಬರಿಯ ಫರಸಿಯ ಮೇಲೆ ಬೆನ್ನು ಹಚ್ಚಿ ಮಲಗುವುದನ್ನು ಹುಟ್ಟಿದಾಗಿನಿಂದ ಕಂಡ ಕಾಶಿರಾಯನಿಗೆ, ಫರಸಿ ಎಂದರೆ ತಂಪು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ದಪ್ಪ ಫರಸಿಗಳನ್ನೇ ನಿಲ್ಲಿಸಿ ಗೋಡೆ ಮಾಡಿದ, ಫರಸಿಯನ್ನೇ ಮೇಲೆ ಹೊದಿಸಿದ, ಸಂದಿಗೆ ಸಿಮೆಂಟು ತುಂಬಿದ. ನೋಡಲಿಕ್ಕೆ ಸಣ್ಣದೊಂದು ಕೋಟೆ. ಮನೆಯೊಳಗೆ ನೆರಳಲ್ಲಿ ಬಿದ್ದ ಫರಸಿ ಬೇರೆ, ಬಯಲಲ್ಲಿ ಬೆಳಗಿನಿಂದ ಬಿಸಿಲು ಕುಡಿದ ಫರಸಿ ಬೇರೆ ಎಂಬುದು ಮೂರು ಗಂಟೆಗೆ ಒಳಗೆ ಹೊಕ್ಕಾಗ ತಿಳಿಯಿತು. ದಂಡನಾಯಕ ಹೊಕ್ಕದ್ದಕ್ಕಿಂತ ವೇಗವಾಗಿ ಹೊರಬಂದ.

ನಬಿಸಾಬ್ ಒಳಗೆ ಕೈ ಚಾಚಿ, ಕೈ ಹಿಂದೆಗೆದು, ಊದಿಕೊಂಡ. "ಭಟ್ಟಿ ಚಲೋ ಬಂದದ ಕಾಶಣ್ಣ. ನಮ್ಮ ಮೋಮಿನಪುರದಾಗ ನಾನ್ ರೊಟ್ಟಿ ಸುಡೂವು ನಾಕು ಅವ. ಐದನೇದು ನಿನ್ನ ಹಿತ್ತಲದಾಗ ಆತು."

ಗೋಣಿತಟ್ಟಿನ ಹಿಂದಿನಿಂದ ಅನ್ನಮ್ಮ ನಕ್ಕದ್ದು ಕೇಳಿಸಿತು.

ಕೋಟೆಯನ್ನು ಕೆಡವಿದ್ದಾಯಿತು. ಶತ್ರು ಮೇಲಿದ್ದರೆ ತಾನು ಕೆಳಗಿಳಿಯಬೇಕು ಎಂಬ ಯುದ್ಧನೀತಿ ಕಾಶಿರಾಯನಿಗೆ ಹೊಳೆಯಿತು. ಮೇ ತಿಂಗಳಲ್ಲಿ ಇಬ್ಬರೂ ನೆಲ ಅಗೆದರು. ಮೇಲಿನ ಎರೆಮಣ್ಣು ದಾಟಿ ಗಟ್ಟಿ ಗರಸು ಮಣ್ಣು, ಮೊರಂ, ಸಿಕ್ಕಿತು. ಅಂಗೈ ಇಟ್ಟರೆ ನೀರು ತುಂಬಿದ ಬಿಂದಿಗೆಯ ಹೊಟ್ಟೆ ಮುಟ್ಟಿದಂತೆ ತಂಪು. ಕಾಶಿರಾಯನ ಕೈಗಳಿಗೆ ಹುರುಪು ಬಂತು. ಅನ್ನಮ್ಮನ ಮಂಡಿ ನೋಯಬಾರದೆಂದು ಇಳಿಯಲು ಮೂರೇ ಪಾವಟಿಗೆ ಕಡಿದ. ಪಾವಟಿಗೆ ಅವಳ ಪಾದಕ್ಕೆ ಒಪ್ಪಬೇಕೆಂದು ಅಳತೆಯ ಟೇಪು ಬಿಟ್ಟು ಅವಳ ಚಪ್ಪಲಿಯನ್ನೇ ಒಯ್ದು ಅಳೆದ. ಗವಿಯ ಒಟ್ಟು ಉದ್ದವೂ ಒಂಬತ್ತು ಚಪ್ಪಲಿ. ದಕ್ಷಿಣದ ಗೋಡೆಯಲ್ಲಿ, ಉತ್ತರಕ್ಕೆ ಮುಖವಾಗಿ, ಬೆನ್ನು ಆನಿಸಿ ಕಾಲು ಮಡಿಚಿ ಕುಳ್ಳಿರಲು ಒಂದು ಗೂಡು ಕೊರೆದ. ಗೂಡಿನ ಮೇಲೆ ಫರಸಿ ಹೊದಿಸಿ ಮಣ್ಣು ಏರಿಸಿದ. ಮೂರು ದಿನದಲ್ಲಿ ಮುಗಿಯಿತು. ಇಷ್ಟು ನಯವಾದ ಕೆಲಸ ಇಷ್ಟು ಬೇಗ ಹೇಗಾಯಿತೆಂದು ಅವನಿಗೇ ಬೆರಗು.

ಗವಿಯ ಬಾಯಿಗೆ ಓರೆ ಬಿಸಿಲು ಬೀಳದಂತೆ ಬಾಳೆ ಬೇಕಿತ್ತು. ಕಮಲಾಪುರದಿಂದ ಅನ್ನಮ್ಮನ ತಮ್ಮ ಗುರುಲಿಂಗ ಕೆಂಪು ಬಾಳೆಯ ನಾಲ್ಕು ಕಂದು ಹೊತ್ತು ಮಧ್ಯಾಹ್ನ ಎರಡಕ್ಕೆ ಬಂದ. ನೇರ ಹಿತ್ತಲಿಗೆ ನಡೆದ. ಗವಿಯೊಳಗೆ ಬಗ್ಗಿ ನೋಡಿದ. ಹೆಗಲ ಮೇಲಿನ ಕಂದುಗಳನ್ನು ಇಳಿಸಲಿಲ್ಲ.

"ಮಾಮಾ, ಪಾವಟಿಗಿ ಎಷ್ಟು?"

"ಮೂರು."

"ಉದ್ದ?"

"ಒಂಬತ್ತು ಚಪ್ಪಲಿ."

"ಯಾರ ಚಪ್ಪಲಿ?"

ಕಾಶಿರಾಯ ಗೂಡಿನ ಕಡೆ ನೋಡಿದ, ಆಮೇಲೆ ತನ್ನ ಕೈಗಳ ಕಡೆ.

ಅವರ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಸತ್ತವರ ಪಾದದಿಂದಲೇ ಒಂಬತ್ತು ಪಾದ ಅಳೆದು ಕುಣಿ ತೆಗೆಯುತ್ತಾರೆ. ಇಳಿಯಲು ಮೂರು ಪಾವಟಿಗೆ. ಗೋಡೆಯಲ್ಲೊಂದು ಗೂಡು, ಅದರಲ್ಲಿ ಕಾಲು ಮಡಿಚಿ ಕುಳ್ಳಿರಿಸುತ್ತಾರೆ. ಕೋಟನೂರಿನಲ್ಲಿ ಯಾರು ತೀರಿಕೊಂಡರೂ ಆ ಗೂಡು ಕೊರೆಯಲಿಕ್ಕೆ ಕರೆಬರುತ್ತಿದ್ದುದು ಕಾಶಿರಾಯನಿಗೆ. ನೆಲದೊಳಗೆ ಮನುಷ್ಯರನ್ನು ಕುಳ್ಳಿರಿಸುವ ಜಾಗ ಮಾಡು ಎಂದರೆ ಅವನ ಕೈಗಳಿಗೆ ಗೊತ್ತಿದ್ದ ರೀತಿ ಅದೊಂದೇ. ಹೆಂಡತಿಯ ಮೇಲಿನ ಪ್ರೀತಿಯಲ್ಲಿ ತಲೆ ಮುಳುಗಿದ್ದಾಗ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮುಗಿಸಿದ್ದವು. ಈಗ ಭಾವಮೈದುನ ನಾಲ್ಕು ಬಾಳೆಯನ್ನೂ ತಂದಿದ್ದ. ಹೆಣ ಕುಳ್ಳಿರಿಸಿ ಒಯ್ಯುವ ವಿಮಾನದ ನಾಲ್ಕು ಮೂಲೆಗೆ ಕಟ್ಟುವಷ್ಟೇ.

"ಜೀವಂತ ಇದ್ದಾಕಿಗಿ ಕುಣಿ ತೆಗದು ಇಟ್ಟೀರಲ್ಲ ಮಾಮಾ!" ಗುರುಲಿಂಗ ನಬಿಸಾಬನ ಕಡೆ ತಿರುಗಿದ. "ನೀವರ ಹೇಳಬಾರ್ದೇನ್ರಿ?"

"ನಮ್ಮಲ್ಲಿ ಮಲಗಸ್ತಾರ, ನಿಮ್ಮಲ್ಲಿ ಕುಂದ್ರಸ್ತಾರ. ನನಗೇನ್ ಖಬರ್?" ನಬಿಸಾಬ್ ಗುದ್ದಲಿ ಕೆಳಗಿಟ್ಟ. "ಅಲ್ಲಾ ಕಸಮ್, ನಾ ಆರಾಮ ಕುರ್ಚಿ ಅನ್ಕೊಂಡಿದ್ದೆ."

"ಮುಚ್ಚರಿ ಇದನ್ನ. ಈಗಿಂದೀಗ. ಅಕ್ಕಗ ಗೊತ್ತಾಗಬಾರ್ದು."

ಸೂರ್ಯನಿಗೆ ಹೆದರದ ದಂಡನಾಯಕ ತಾನೇ ತೆಗೆದ ಗವಿಗೆ ಹೆದರಿ ಸಲಿಕೆ ಹಿಡಿದ. ಮೊದಲ ಸಲಿಕೆ ಮಣ್ಣು ಮೇಲಿನ ಪಾವಟಿಗೆಯ ಮೇಲೆ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು.

ಆ ದಿನ ಕಲಬುರಗಿಯಲ್ಲಿ ನಲವತ್ನಾಲ್ಕು ಡಿಗ್ರಿ. ಒಂದೂವರೆ ವರ್ಷದಿಂದ ಹಗಲು ಕಾಣದ ಅನ್ನಮ್ಮ ತಲೆಯ ಮೇಲೆ ಸೆರಗೂ ಇಲ್ಲದೆ ಹೊಸ್ತಿಲು ದಾಟಿದಳು. ಬಾಗಿಲಿನಿಂದ ಗವಿಗೆ ಹನ್ನೊಂದು ಹೆಜ್ಜೆ.

"ಅಕ್ಕಾ, ಬಿಸಲು! ಒಳಗ ನಡಿ!"

"ಸರಿ ಬಾಜೂಕ."

ಮಂಡಿ ಹಿಡಿದುಕೊಂಡು, ಒಂದೊಂದೇ ಪಾವಟಿಗೆ ಇಳಿದಳು. ಗೂಡಿನಲ್ಲಿ ಬೆನ್ನು ಆನಿಸಿ, ಕಾಲು ಮಡಿಚಿ ಕುಳಿತಳು. ಕೆಳಗಿನಿಂದ ಮೂವರು ಗಂಡಸರನ್ನೂ ನೋಡಿದಳು.

"ಹಾಕ್ರಿ ಮಣ್ಣ. ಕೈ ಯಾಕ ನಿಂತಾವ?"

ಕಾಶಿರಾಯನ ಸಲಿಕೆ ಅರ್ಧಕ್ಕೆ ನಿಂತಿತ್ತು. "ಏಳು ಅನ್ನಮ್ಮಾ. ಇದು ತಪ್ಪಾಗ್ಯಾದ. ಇದು ಗವಿ ಅಲ್ಲ."

"ನನಗ ಕಣ್ಣಿಲ್ಲೇನು? ನೀವು ಚಪ್ಪಲಿ ಒಯ್ದಾಗೇ ತಿಳೀತು. ಮೂರು ದಿನದಿಂದ ತಟ್ಟಿನ ಸಂದ್ಯಾಗಿಂದ ನೋಡ್ಲಾಕತ್ತೀನಿ. ನಮ್ಮವ್ವಗ ತೆಗದಿದ್ದಕಿಂತ ಚಂದ ತೆಗದೀರಿ."

"ಅಕ್ಕಾ, ಮಂದಿ ಏನಂದಾರು?"

"ಮಂದಿ ಒಂದೂವರಿ ವರ್ಷ ಕತ್ತಲ್ದಾಗ ಕುಂತಿದ್ರೇನೋ?" ಅವಳು ಅಂಗೈಯನ್ನು ಮೊರಂ ಗೋಡೆಗೆ ಒತ್ತಿದಳು. "ಹೆಂಗೂ ಒಂದಿನ ನನ್ನ ಕುಂದ್ರಸೋರೇ ನೀವು. ಆವಾಗ ಹೆಂಗದ ಅಂತ ಕೇಳಿದ್ರ ನಾ ಹೇಳ್ತೀನೇನು? ಈಗ ಹೇಳ್ತೀನಿ ಕೇಳ್ರಿ. ತಂಪದ."

ಒಂದು ಕೋಳಿ ಗವಿಯ ಅಂಚಿಗೆ ಬಂದು ಕೆದರಿತು. ಅನ್ನಮ್ಮ ಅದನ್ನು ಸಂಜೆಯ ತನಕ ನೋಡಿದಳು. ಸೂರ್ಯ ಮುಳುಗಿದ ಮೇಲೆಯೇ ಎದ್ದಳು.

ಶತ್ರು ಸುಮ್ಮನಿರಲಿಲ್ಲ. ಆ ಹನ್ನೊಂದು ಹೆಜ್ಜೆಗೆ ಅವಳು ಒಂಬತ್ತು ದಿನ ಜ್ವರದಲ್ಲಿ ಬಿದ್ದಳು. ಮುಖ ಬೆಂದಂತಾಯಿತು, ಬೆರಳು ಮಡಿಚಲಾಗಲಿಲ್ಲ, ಕಾಲಲ್ಲಿ ನೀರು ತುಂಬಿತು. ಡಾಕ್ಟರು ಹೊಸ ಪರೀಕ್ಷೆಯ ಕಾಗದ ನೋಡಿ, ಕಾಶಿರಾಯನನ್ನು ಹೊರಗೆ ಕರೆದು, ಮೂತ್ರಪಿಂಡ ಇನ್ನು ಬಹಳ ದಿನ ತಡೆಯಲಿಕ್ಕಿಲ್ಲ ಎಂದರು. ಅವನು ಹೆಂಡತಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಹತ್ತನೆಯ ದಿನ ಬೆಳಕು ಹರಿಯುವ ಮೊದಲೇ ಅವಳು ಎರಡು ರೊಟ್ಟಿ, ಒಂದು ತಂಬಿಗೆ ನೀರು, ದಿನದ ಗುಳಿಗೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೂರು ಪಾವಟಿಗೆ ಇಳಿದಳು. ಹೊತ್ತು ಮುಳುಗುವ ತನಕ ಮೇಲೆ ಬರುವಂತಿರಲಿಲ್ಲ. ಬಾಳೆ ಹಚ್ಚಲು ಗುರುಲಿಂಗ ಒಪ್ಪಿರಲಿಲ್ಲ. ನೀರಿಲ್ಲದೆ ಬಾಡುತ್ತಿದ್ದ ಕಂದುಗಳನ್ನು ಕೊನೆಗೆ ನಬಿಸಾಬನೇ ಗವಿಯ ಬಾಯಿಗೆ ನೆಟ್ಟಿದ್ದ. ಒಂದರಲ್ಲಿ ಮಾತ್ರ ಹೊಸ ಎಲೆಯ ಸುರುಳಿ ಕಾಣುತ್ತಿತ್ತು.

ಕಾಶಿರಾಯ ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದ. ಆ ಕಡೆ ನೋಡಲು ಅವನಿಗೆ ಆಗುತ್ತಿರಲಿಲ್ಲ.

"ಏನ್ರೀ," ನೆಲದೊಳಗಿನಿಂದ ಕೂಗು ಬಂತು. "ಬಲಗಡಿ ಭುಜ ಗ್ವಾಡಿಗಿ ಹತ್ತತದ. ನಾಕು ಬಟ್ಟು ಕಡೀರಿ."

"ಇರ್ಲಿ ಬಿಡು."

"ಹೆಂಗ ಇರ್ಲಿ? ದಿನಾ ಕುಂದ್ರಾಕಿ ನಾನು. ಊರ ಮಂದೀದೆಲ್ಲ ಸರೀಗಿ ಮಾಡ್ತೀರಿ, ಹೆಂಡ್ತೀದು ಅಂದ್ರ ಹಿಂಗೇನು?"

ಕಾಶಿರಾಯ ಎದ್ದ. ಉಳಿ, ಸುತ್ತಿಗೆ ಹುಡುಕಿ ತಂದ. ಪಾವಟಿಗೆಗಳ ಮೇಲೆ ಒಂದು ಕ್ಷಣ ನಿಂತು, ಇಳಿದ. ಅವಳನ್ನು ಏಳಿಸದೆಯೇ, ಅವಳ ಹೆಗಲಿಗೂ ಮೊರಂ ಗೋಡೆಗೂ ನಡುವೆ ಉಳಿ ಹಿಡಿದ ತನ್ನ ಎಡಗೈಯನ್ನು ಅಡ್ಡ ಇಟ್ಟು ಕಡಿಯತೊಡಗಿದ. ಕಣ್ಣಲ್ಲಿ ನೀರು ತುಂಬಿ ಉಳಿಯ ಮೊನೆ ಕಾಣುತ್ತಿರಲಿಲ್ಲ. ಅವಳು ಕತ್ತನ್ನು ಎಡಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು.

"ಸಣ್ಣಗ ಬಡೀರಿ," ಎಂದಳು. "ಮಣ್ಣು ರೊಟ್ಟ್ಯಾಗ ಬೀಳ್ತದ."

ಅವನು ಸಣ್ಣಗೆ ಬಡಿದ.